ಕೇಳಿದವರಿಗೊಂದು, ನೋಡಿದವರಿಗೊಂದು

ಕೇಳುಗರಿಗೆ ನಮಸ್ಕಾರ. ನಾನು ಇವತ್ತು ಯಾವ ಬಣ್ಣದ ಅಂಗಿ ಹಾಕಿದ್ದೇನೆ, ಗಡ್ಡ ಬೋಳಿಸಿದ್ದೇನೋ ಇಲ್ಲವೋ, ಅದೊಂದೂ ನಿಮಗೆ ಕಾಣುವುದಿಲ್ಲ. ಬಾನುಲಿಯ ಸುಖವೇ ಅದು. ಅಮೆರಿಕದ ರಿಚರ್ಡ್ ನಿಕ್ಸನ್ ಅವರಿಗೆ ಆ ಸುಖ ಸಿಗಲಿಲ್ಲ.

1960ರ ಸೆಪ್ಟೆಂಬರ್ 26, ಷಿಕಾಗೊದ ಒಂದು ಸ್ಟುಡಿಯೊ. ಅಧ್ಯಕ್ಷ ಪದವಿಗೆ ನಿಂತ ಇಬ್ಬರು ಮುಖಾಮುಖಿಯಾಗಿ ವಾದ ಮಾಡುವುದನ್ನು ಆ ದೇಶ ಟಿವಿಯಲ್ಲಿ ನೋಡಿದ್ದು ಅದೇ ಮೊದಲು. ಸುಮಾರು ಏಳು ಕೋಟಿ ಜನ ನೋಡಿದರು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿದ್ದ ನಿಕ್ಸನ್ ಆಗಷ್ಟೇ ಚೇತರಿಸಿಕೊಂಡಿದ್ದರು. ತೂಕ ಇಳಿದಿತ್ತು. ಬೂದು ಸೂಟು ಹಿಂದಿನ ಗೋಡೆಯಲ್ಲೇ ಬೆರೆತುಹೋಯಿತು. ಮುಖದಲ್ಲಿ ಬೆವರು. ಪಕ್ಕದಲ್ಲಿ ಜಾನ್ ಕೆನಡಿ, ಗಾಢ ಬಣ್ಣದ ಸೂಟು ತೊಟ್ಟು ಆರಾಮಾಗಿದ್ದರು.

ರೇಡಿಯೊ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ, ಟಿವಿ ನೋಡಿದವರು ಕೆನಡಿ ಅಂದರಂತೆ. ಈ ಕತೆ ನೀವೂ ಕೇಳಿರಬಹುದು. ಮೈಕಿನ ಮುಂದೆ ಕೂತ ನನಗಂತೂ ಇದು ಬಲು ಇಷ್ಟ. ಆದರೆ ಇದಕ್ಕೆ ಆಧಾರವಾದ ಸಮೀಕ್ಷೆಯಲ್ಲಿ ರೇಡಿಯೊ ಕೇಳಿದವರು ಕೆಲವೇ ನೂರು ಮಂದಿ. ಅವರಲ್ಲಿ ಮೊದಲಿಂದಲೂ ನಿಕ್ಸನ್ ಕಡೆಯವರೇ ಜಾಸ್ತಿ ಇದ್ದಿರಬಹುದು, ಅಲ್ವಾ? ಬರೀ ಬೆವರಿಗೆ ಚುನಾವಣೆ ಹೋಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕೆನಡಿಗೆ ಆದ ಲಾಭ ಬೇರೆ. ಅವರಿಗಿನ್ನೂ 43 ವರ್ಷ. ಹುಡುಗ, ಅನುಭವ ಸಾಲದು ಎಂಬ ಗುಮಾನಿ ಜನರಲ್ಲಿತ್ತು. ಆಗ ಉಪಾಧ್ಯಕ್ಷರಾಗಿದ್ದ ನಿಕ್ಸನ್ ಪಕ್ಕದಲ್ಲಿ ಒಂದು ಗಂಟೆ ತಡವರಿಸದೆ ನಿಂತರು. ಗುಮಾನಿ ಕರಗಿತು. ಆರು ಕೋಟಿ 80 ಲಕ್ಷಕ್ಕೂ ಹೆಚ್ಚು ಮತ ಬಿದ್ದ ಆ ಚುನಾವಣೆಯಲ್ಲಿ ಇಬ್ಬರ ಅಂತರ ಒಂದು ಲಕ್ಷದ ಆಸುಪಾಸು ಅಷ್ಟೇ.

ಇದಕ್ಕಿಂತ ನನಗೆ 1976ರ ಕತೆ ರುಚಿ. ಫಿಲಡೆಲ್ಫಿಯಾದಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಅವರ ಎದುರಾಳಿ ಜಿಮ್ಮಿ ಕಾರ್ಟರ್ ಚರ್ಚೆಗೆ ನಿಂತಿದ್ದರು. ಮಧ್ಯದಲ್ಲಿ ಧ್ವನಿ ಕೈಕೊಟ್ಟಿತು. 27 ನಿಮಿಷ! ಇಬ್ಬರೂ ಗೊಂಬೆಗಳ ಹಾಗೆ ನಿಂತೇ ಇದ್ದರು. ಕೂತರೆ ಜನ ಏನಂದುಕೊಂಡಾರೋ ಎಂಬ ಅಳುಕು. ಆಮೇಲೆ ಅವರೇ ಒಪ್ಪಿಕೊಂಡರು.

ಎರಡನೇ ಚರ್ಚೆಯಲ್ಲಿ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವಿಲ್ಲ ಎಂದುಬಿಟ್ಟರು. ಹಿಡಿತ ಇದ್ದದ್ದು ಆಗ ಜಗತ್ತಿಗೇ ಗೊತ್ತು. ಪತ್ರಕರ್ತರು ಬೆರಗಾಗಿ ಮತ್ತೆ ಕೇಳಿದರೂ ಮಾತು ಬದಲಿಸಲಿಲ್ಲ. ವಿಚಿತ್ರ ನೋಡಿ, ಆ ರಾತ್ರಿ ಮನೆಯಲ್ಲಿ ಕೂತು ನೋಡಿದ ಹೆಚ್ಚಿನವರಿಗೆ ಅದೇನೂ ದೊಡ್ಡದೆನಿಸಲಿಲ್ಲ. ಮರುದಿನ ಪತ್ರಿಕೆಗಳು, ಟಿವಿಯವರು ಅದನ್ನೇ ಹಿಡಿದು ಎಳೆದರು. ಆಗ ಜನರ ಲೆಕ್ಕ ತಿರುಗಿತು. ಫೋರ್ಡ್ ಸೋತರು.

ಅಂದರೆ, ಮನಸ್ಸಿನಲ್ಲಿ ಮೊದಲೇ ಮೊಳೆತ ಅನುಮಾನಕ್ಕೆ ಈ ಚರ್ಚೆಗಳು ನೀರು ಹೊಯ್ಯುತ್ತವೆ, ಇಲ್ಲವೇ ಬೇರು ಕೀಳುತ್ತವೆ. 2024ರ ಜೂನ್ 27ರಂದು ಟ್ರಂಪ್ ಎದುರಿನ ಚರ್ಚೆಯಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಅವರಿಗೆ ಆದದ್ದು ಇದೇ. ವಯಸ್ಸು 81. ಮಾತು ತಡವರಿಸಿತು. ಜುಲೈ 21ಕ್ಕೆ ಕಣದಿಂದಲೇ ಹಿಂದೆ ಸರಿದರು. ಅವರ ಜಾಗಕ್ಕೆ ಬಂದ ಕಮಲಾ ಹ್ಯಾರಿಸ್ ಸೆಪ್ಟೆಂಬರಿನಲ್ಲಿ ಟ್ರಂಪ್ ಎದುರು ಚೆನ್ನಾಗಿ ವಾದಿಸಿದರು ಎಂದು ಸಮೀಕ್ಷೆಗಳು ಹೇಳಿದವು. ನವೆಂಬರಿನಲ್ಲಿ ಗೆದ್ದವರು ಟ್ರಂಪ್.

ನಿಕ್ಸನ್ ಏನಾದರು ಅಂತೀರಾ? 1968ರಲ್ಲಿ ಮತ್ತೆ ನಿಂತರು, 1972ರಲ್ಲೂ ನಿಂತರು. ಎರಡು ಸಲವೂ ಗೆದ್ದರು. ಎರಡು ಸಲವೂ ಚರ್ಚೆಯ ಹತ್ತಿರ ಸುಳಿಯಲಿಲ್ಲ.

ನಮಸ್ಕಾರ.