ಗದ್ದೆಗೆ ಇಳಿಯುವ ಕ್ಯಾಂಟನೀಸ್

ಕೇಳುಗರಿಗೆ ನಮಸ್ಕಾರ. ಕ್ಯಾಂಟನೀಸ್ ಎಂದರೆ ಹಾಂಗ್‌ಕಾಂಗ್‌ನಲ್ಲಿ, ಅದರ ನೆರೆಯ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಆಡುವ ಚೀನೀ ನುಡಿ. ಅದರ ಬೇಸಾಯದ ಪದಗಳನ್ನು ಕಲಿಯುವವರಿಗೆ ನನ್ನದು ಒಂದೇ ಮಾತು: ಇಂಗ್ಲಿಷಿನ ದಾರಿ ಹಿಡಿಯಬೇಡಿ, ಕನ್ನಡದಿಂದಲೇ ನೇರವಾಗಿ ಹೋಗಿ.

ಇಂಗ್ಲಿಷಿನಲ್ಲಿ ಗದ್ದೆಯಲ್ಲಿ ನಿಂತದ್ದೂ ರೈಸ್, ಮೂಟೆಯಲ್ಲಿರುವುದೂ ರೈಸ್, ತಟ್ಟೆಗೆ ಬಡಿಸಿದ್ದೂ ರೈಸ್. ನಮಗೆ ಪೈರು, ಭತ್ತ, ಅಕ್ಕಿ, ಅನ್ನ ಬೇರೆಬೇರೆ. ಅವರಿಗೂ ಅಷ್ಟೇ: ವೋ, ಕುಕ್, ಮೈ, ಫಾನ್. ನಾಲ್ಕಕ್ಕೆ ನಾಲ್ಕು! ಮನೆಯಲ್ಲೇ ಇರುವ ಲೆಕ್ಕವನ್ನು ಪರರ ಪುಸ್ತಕದಲ್ಲಿ ಹುಡುಕುವುದೇಕೆ?

ನಾನೂ ಹುಡುಕಿದವನೇ. ಇಂಗ್ಲಿಷ್ ಅರ್ಥದ ಪಟ್ಟಿಯೊಂದನ್ನು ಉರುಹೊಡೆದು ಹಾಂಗ್‌ಕಾಂಗ್‌ನ ಉತ್ತರ ಭಾಗದಲ್ಲಿರುವ ಲಾಂಗ್ ವ್ಯಾಲಿಗೆ ಹೋದೆ. ಅಲ್ಲಿ ಇಂದಿಗೂ ಭತ್ತದ ಗದ್ದೆಗಳಿವೆ. ಒಬ್ಬ ಅಜ್ಜಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುತ್ತಿದ್ದರು. ‘ಪೋಪೋ, ಅಂದರೆ ಅಜ್ಜಿ, ನಾನೂ ಗದ್ದೆಗೆ ಇಳಿಯುತ್ತೇನೆ’ ಎನ್ನಬೇಕಿತ್ತು. ಗದ್ದೆಗೆ ಇಳಿಯುವುದಕ್ಕೆ ಅವರ ಮಾತು ಲೊಕ್ ಥೀನ್. ನೋಡಿ, ನಮ್ಮ ಹಾಗೆ ಅವರೂ ಗದ್ದೆಗೆ ‘ಇಳಿಯುತ್ತಾರೆ’; ನನ್ನ ಪಟ್ಟಿಯಲ್ಲಿ ಅದು ಬರೀ ‘ಹೋಗು’ ಎಂದಿತ್ತು. ಆ ಭಾಷೆಯಲ್ಲಿ ಸ್ವರದ ಏರಿಳಿತ ಆರು ಬಗೆ. ಥೀನ್ ಎಂದು ತಗ್ಗಿಸಿ ಜಾರಿಸಿದರೆ ಗದ್ದೆ, ಎತ್ತರದಲ್ಲಿ ಹಿಡಿದರೆ ಆಕಾಶ. ಉತ್ಸಾಹದಲ್ಲಿ ನಾನು ಎತ್ತರಕ್ಕೇ ಏರಿಸಿದೆ. ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು ಮೋಡ ನೋಡಿದರು. ‘ಅಲ್ಲಿ ನಾಟಿ ಮಾಡುವುದಾದರೆ ಏಣಿ ತಂದಿದ್ದೀಯಾ?’ ಎಂದರು. ಆಮೇಲೆ ಅಗೆಯ ಕಟ್ಟೊಂದನ್ನು ಕೈಗೆ ತುರುಕಿ, ಒಂದೊಂದು ಸಸಿ ಊರುವಾಗಲೂ ಥೀನ್, ಥೀನ್ ಎಂದು ಹೇಳಿಸಿದರು. ಬಗ್ಗಿದ ಬೆನ್ನಿಗೆ ದನಿ ತಾನಾಗಿಯೇ ತಗ್ಗಿತು. ಸಾಲು ಮುಗಿಯುವ ಹೊತ್ತಿಗೆ ಆಕಾಶ ಬಾಯಿಗೆ ಬರುವುದು ನಿಂತಿತು.

ಅಯ್ಯೋ, ಸಮಯ ಓಡಿತು. ಮೈ ಎಂದರೆ ಅಕ್ಕಿ, ಮಾಯ್ ಎಂದರೆ ಕೊಳ್ಳು; ಹ್ರಸ್ವ ದೀರ್ಘ ಬಲ್ಲ ಕನ್ನಡ ಕಿವಿಗೆ ಇದೇನೂ ಕಷ್ಟವಲ್ಲ. ಒಕ್ಕಣೆಗೆ ‘ತಾ ವೋ’, ಅಂದರೆ ಪೈರು ಬಡಿಯುವುದು. ಅಲ್ಲಿಯೂ ಬಡಿಯುವುದೇ!

ಇನ್ನೊಂದು ಪದ. ಶರತ್ಕಾಲದಲ್ಲಿ ಆ ಗದ್ದೆಗಳಿಗೆ ವಲಸೆ ಬರುವ ಪುಟ್ಟ ಹಕ್ಕಿಯೊಂದಿದೆ. ಹಿಡಿದು ತಿಂದೂ ತಿಂದೂ ಅದು ಅಳಿವಿನ ಅಂಚಿಗೆ ಬಂದಿದೆ. 2017ರಲ್ಲಿ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಈಗ ಲಾಂಗ್ ವ್ಯಾಲಿಯಲ್ಲಿ ಅದಕ್ಕೆಂದೇ ಭತ್ತ ಬೆಳೆದು ಕೊಯ್ಯದೆ ಬಿಡುತ್ತಾರೆ. ಕ್ಯಾಂಟನೀಸಿನಲ್ಲಿ ಅದು ‘ಭತ್ತದ ಹೂವಿನ ಗುಬ್ಬಿ’. ಇಂಗ್ಲಿಷಿನವರು ಅದರ ಹಳದಿ ಎದೆಯನ್ನಷ್ಟೇ ನೋಡಿ ಹೆಸರಿಟ್ಟರು. ಪೈರೂ ಇಲ್ಲ, ಹೂವೂ ಇಲ್ಲ.

ನಮಸ್ಕಾರ.