ಎದುರಿನವರ ಕೊನೆಯ ಮಾತು

ಕೇಳುಗರಿಗೆ ನಮಸ್ಕಾರ.

ಕಲಬುರಗಿ ಬಸ್ ನಿಲ್ದಾಣ ಅಂದುಕೊಳ್ಳಿ. ಇಬ್ಬರು ನಟರು, ಬರೆದ ಮಾತಿಲ್ಲ. ಒಬ್ಬ ಕೇಳುತ್ತಾನೆ: "ಯಾದಗಿರಿ ಬಸ್ ಹೋಯ್ತೇನ್ರಿ?" ಇನ್ನೊಬ್ಬ "ಇದು ಬಸ್ ಸ್ಟ್ಯಾಂಡೇ ಅಲ್ಲ, ದವಾಖಾನಿ" ಅಂದರೆ ಜನ ಒಮ್ಮೆ ನಕ್ಕಾರು. ಆದರೆ ಕಟ್ಟಿದ ಜಾಗವೇ ಕುಸಿಯಿತು. ಅದೇ "ಹೋಯ್ತಲ್ರಿ, ನಿಮ್ಮ ಗಂಟೂ ಅದರಾಗೇ ಹೋಯ್ತು!" ಅಂದರೆ? ಗಂಟಿನೊಳಗೆ ಏನಿತ್ತು ಅಂತ ಎಲ್ಲರ ಕಿವಿ ನಿಮಿರುತ್ತದೆ. ಕೊಟ್ಟದ್ದನ್ನು ತಗೊಂಡು ಮೇಲೊಂದು ಹಿಡಿ ಸೇರಿಸುವುದೇ ಆಶುನಟನೆ. ಪಾತ್ರಗಳು ಬೇಕಾದಷ್ಟು ಜಗಳಾಡಲಿ, ನಟರು ಮಾತ್ರ ಬಸ್ಸನ್ನೂ ಗಂಟನ್ನೂ ಅಲ್ಲಗಳೆಯಬಾರದು.

ಅಮೆರಿಕದ ಷಿಕಾಗೋದಲ್ಲಿ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ಇದಕ್ಕೆಂದೇ ಆಟಗಳನ್ನು ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಗೆಳೆಯರೊಂದಿಗೆ ಸೆಕೆಂಡ್ ಸಿಟಿ ಎಂಬ ಆಶುನಟನೆಯ ತಂಡ ಶುರುಮಾಡಿದರು. ನಮ್ಮ ಉತ್ತರ ಕರ್ನಾಟಕದ ಜನಪದ ನಾಟಕ ಶ್ರೀಕೃಷ್ಣ ಪಾರಿಜಾತದಾಟದಲ್ಲೂ ಭಾಗವತ-ದೂತಿಯರ ಜಟಾಪಟಿ ಎಷ್ಟೋ ಸಲ ನಿಂತ ನಿಲುವಿನಲ್ಲೇ ಹುಟ್ಟುತ್ತದೆ.

ತಾಲೀಮಿಗೆ 8 ಜನ ಸಾಕು. ಗುಂಡಗೆ ನಿಲ್ಲಿ. ಎದುರಿನವರ ಕೊನೆಯ ಪದದಿಂದಲೇ ನಿಮ್ಮ ಮಾತು ಶುರುವಾಗಬೇಕು.
"ಅಂಗಳದಾಗ ಜ್ವಾಳ ಒಣಗ್ಲಾಕತ್ತದ."
"ಒಣಗ್ಲಾಕತ್ತದ ಅಂತೀರಿ, ಆಡು ಮೇಯ್ಲಾಕತ್ತದ ನೋಡ್ರಿ!"
ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಹಾಗಾಗಿ ಪೂರ್ತಿ ಕೇಳದೆ ಬಾಯಿ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. 10 ನಿಮಿಷ ಆಡಿ ನಿಲ್ಲಿಸಿ. ಹೆಚ್ಚಾದರೆ ಅದು ಬರೀ ಪದಬಂಧ.

ಆಮೇಲೆ ಇಬ್ಬಿಬ್ಬರು, 3 ನಿಮಿಷದ ದೃಶ್ಯ. ಮೊದಲ ಮೂರು ಮಾತಿನೊಳಗೆ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಅನ್ನುವುದು ತಿಳಿಯಬೇಕು. ಹೆಚ್ಚಾಗಿ ಕೆಡುವುದು ಪ್ರಶ್ನೆಗಳಿಂದ. "ಯಾರು? ಯಾಕ? ಎಲ್ಲಿ?" ಅಂತ ಕೇಳುತ್ತಾ ಹೋದರೆ ಕಥೆಯ ಹೊರೆಯೆಲ್ಲ ಎದುರಿನವರ ತಲೆಗೆ. ಒಂದು ಸುತ್ತು ಪ್ರಶ್ನೆಯೇ ಇಲ್ಲದೆ ಆಡಿಸಿ. ಇನ್ನೊಂದು ರೋಗ, ಎದುರಿನವರು ಮಾತಾಡುವಾಗ ತಮ್ಮ ಮಾತು ಹೊಂದಿಸಿಕೊಳ್ಳುವುದು. ಕಣ್ಣು ಮಾಳಿಗೆ ಕಡೆ ಹೋಯಿತೆಂದರೆ ಅದೇ ಗುರುತು. ಒಂದು ಉಸಿರು ಬಿಟ್ಟೇ ಉತ್ತರಿಸಬೇಕೆಂದು ಕಟ್ಟು ಹಾಕಿ. ವಾಚಾಳಿಗಳಿಗೆ ಒಂದು ಸರದಿಗೆ ಐದೇ ಪದ. ಸಿಟ್ಟಾಗುತ್ತಾರೆ, ಆಗಲಿ.

ನೌಕರಿ ಸಂದರ್ಶನಕ್ಕೆ ಉತ್ತರ ಬಾಯಿಪಾಠ ಮಾಡಿ ಹೋದವರು ಎಡವುವುದೂ ಇಲ್ಲೇ. ಕೇಳಿದ ಪ್ರಶ್ನೆ ಒಂದು, ತಲೆಯಲ್ಲಿ ತುಂಬಿಕೊಂಡ ಉತ್ತರ ಇನ್ನೊಂದು.

ಹೊರಗೊಬ್ಬರು ಗಡಿಯಾರ ಹಿಡಿದಿರಲಿ. ದೃಶ್ಯ ಏರಿದಾಗ, 20 ಸೆಕೆಂಡು ಉಳಿದಿದ್ದರೂ, "ಸಾಕು" ಅನ್ನಲಿ. ಚೆನ್ನಾಗಿತ್ತೋ ಇಲ್ಲವೋ ಅನ್ನುವ ಚರ್ಚೆ ಬೇಡ. ಎದುರಿನವರು ನಿಮಗೆ ಏನು ಕೊಟ್ಟರು ಅಂತ ಮಾತ್ರ ಕೇಳಿ. ಮೊದಲ ವಾರ ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ.

ನಮಸ್ಕಾರ.