ಅಕ್ಷರಕ್ಕೂ ಒಂದು ಮೊಳೆ ಇದೆ, ಅದನ್ನು ನೋಡಿ ಹೊಡೆಯಿರಿ

ನಮಸ್ಕಾರ. ಇವತ್ತು ನಿಮ್ಮ ಜೊತೆ ಒಂದು ಸಣ್ಣ ಜಗಳ ಇದೆ.

ಆಟೋಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಗೋಡೆ, ಬಾಗಿಲು, ಕಿಟಕಿ ಎಲ್ಲವನ್ನೂ ಎಂಎಂ ಲೆಕ್ಕದಲ್ಲಿ ಕೂರಿಸುತ್ತೀರಿ. ಗೆರೆಯ ತುದಿ, ಮಧ್ಯವನ್ನು ಸರಿಯಾಗಿ ಹಿಡಿದುಕೊಡುವ ಆಸ್ನ್ಯಾಪ್ ಇಲ್ಲದೆ ಒಂದು ಗೆರೆ ಎಳೆಯುವುದಿಲ್ಲ. ಅದೇ ಟೆಕ್ಸ್ಟ್ ಸರದಿ ಬಂದಾಗ ಮಾತ್ರ ಮೌಸ್ ಹಿಡಿದು ಸ್ವಲ್ಪ ಎಡಕ್ಕೆ, ಇನ್ನೊಂಚೂರು ಮೇಲಕ್ಕೆ, ಹಾಂ ಸಾಕು, ಚೆನ್ನಾಗಿ ಕಾಣ್ತಿದೆ ಅಂತ ಬಿಟ್ಟುಬಿಡುತ್ತೀರಿ. ಇವತ್ತು ಚೆನ್ನಾಗಿಯೇ ಕಾಣುತ್ತದೆ, ಒಪ್ಪಿದೆ. ತೊಂದರೆ ಶುರುವಾಗುವುದು ಆ ಟೆಕ್ಸ್ಟ್ ಬದಲಾದ ದಿನ.

ನಾನೂ ಹಾಗೇ ಮಾಡುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಸ್ಲ್ಯಾಬ್ ಡ್ರಾಯಿಂಗ್ ನನ್ನ ಕೈಗೆ ಬಂತು. ಟಾಯ್ಲೆಟ್ ಮೇಲಿನ ಸಣ್ಣ ಸ್ಲ್ಯಾಬ್‌ಗೆ ಬರೀ 'ಎಸ್2' ಅಂತ ಅದರ ಗುರುತು ಬರೆದು ಮಧ್ಯದಲ್ಲಿ ಇಟ್ಟಿದ್ದೆ. ಆಮೇಲೆ ಕಂಬಿ ವಿವರವನ್ನೂ ಅಲ್ಲೇ ಹಾಕು ಅಂದರು. ಡಬಲ್ ಕ್ಲಿಕ್ ಮಾಡಿ '8 ಎಂಎಂ ಕಂಬಿ, 200 ಎಂಎಂ ಅಂತರ, ಎರಡೂ ಕಡೆ' ಅಂತ ಸೇರಿಸಿದೆ, ಸೇವ್, ಪ್ಲಾಟ್ (ಪ್ರಿಂಟ್), ಮುಗೀತು. ಆ ಟೆಕ್ಸ್ಟ್ ಎಡದಿಂದ ಬಲಕ್ಕೆ ಬೆಳೆದು ಬೀಮ್ ಗೆರೆ ದಾಟಿ ಪಕ್ಕದ ಬೆಡ್‌ರೂಮ್ ಸ್ಲ್ಯಾಬ್‌ನೊಳಗೆ ಅರ್ಧ ನುಗ್ಗಿತ್ತು. ಅಲ್ಲಿ ಇರಬೇಕಾದದ್ದು 125 ಎಂಎಂ ಅಂತರ. ಸೈಟಿನಲ್ಲಿ 200ಕ್ಕೇ ಕಟ್ಟಿಬಿಟ್ಟರು! ಕಾಂಕ್ರೀಟ್ ಹಾಕುವ ಮುಂಚೆ ಎಂಜಿನಿಯರ್ ನೋಡಿದರು, ಪುಣ್ಯಕ್ಕೆ. ಸಂಜೆ ಹೊತ್ತಿಗೆ ಎಲ್ಲ ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಕಂಬಿ ಮೇಸ್ತ್ರಿ ನನ್ನ ಕಡೆ ತಿರುಗಿ, 'ಸಾರ್, ಅಕ್ಷರ ಎಲ್ಲಿದೆಯೋ ಅಲ್ಲಿಗೇ ತಾನೆ ನಾವು ಕಟ್ಟೋದು?' ಅಂದರು. ಏನಂತ ಉತ್ತರ ಕೊಡಲಿ, ಹೇಳಿ.

ಆಮೇಲೆ ಕೂತು ನೋಡಿದಾಗ ಗೊತ್ತಾಯಿತು. ಪ್ರತಿ ಟೆಕ್ಸ್ಟೂ ಒಂದು ಮೊಳೆಗೆ ನೇತು ಹಾಕಿದ ಫೋಟೋ ಇದ್ದ ಹಾಗೆ. ಆ ಮೊಳೆಯೇ ಜಸ್ಟಿಫಿಕೇಶನ್ ಪಾಯಿಂಟ್. ನೀವು ಏನೂ ಹೇಳದಿದ್ದರೆ ಸಿಂಗಲ್ ಲೈನ್ ಟೆಕ್ಸ್ಟ್‌ಗೆ ಮೊಳೆ ಎಡಗಡೆ ಬೇಸ್‌ಲೈನ್ (ಅಕ್ಷರ ಕೂರುವ ಗೆರೆ) ಮೇಲೆ, ಹಲವು ಸಾಲಿನ ಎಂಟೆಕ್ಸ್ಟ್‌ಗೆ ಎಡಗಡೆ ಮೇಲ್ತುದಿಯಲ್ಲಿ. ಹಾಗಾಗಿ ಏನು ಸೇರಿಸಿದರೂ ಅದು ಬಲಕ್ಕೇ ಓಡುತ್ತದೆ, ಎಂಟೆಕ್ಸ್ಟ್‌ಗೆ ಅಗಲ ಕೊಟ್ಟಿದ್ದರೆ ಅದು ಮುಗಿದ ಮೇಲೆ ಕೆಳಕ್ಕೆ. ಅದೇ ರೂಮಿನ ಹೆಸರನ್ನು ಎಂಸಿ, ಅಂದರೆ ಮಿಡಲ್ ಸೆಂಟರ್ ಮಾಡಿ, ಎರಡು ಪಾಯಿಂಟ್‌ಗಳ ಮಧ್ಯ ಹಿಡಿಯುವ ಎಂ2ಪಿ ಸ್ನ್ಯಾಪ್ ಹಾಕಿ ಎದುರುಬದುರು ಮೂಲೆ ಎರಡನ್ನು ಕ್ಲಿಕ್ ಮಾಡಿ ನಡುಮಧ್ಯಕ್ಕೆ ಇಟ್ಟರೆ, 'ಬೆಡ್‌ರೂಮ್' ಹೋಗಿ 'ಮಾಸ್ಟರ್ ಬೆಡ್‌ರೂಮ್' ಆದರೂ ಎರಡೂ ಕಡೆಗೆ ಸಮವಾಗಿ ಹರಡಿಕೊಳ್ಳುತ್ತದೆ. ಮೊಳೆ ಅಲ್ಲಾಡುವುದಿಲ್ಲ.

'ಈಗಾಗಲೇ ನೂರಾರು ಟೆಕ್ಸ್ಟ್ ಹಾಕಿ ಆಗಿದೆಯಲ್ಲ, ಏನ್ಮಾಡೋದು' ಅಂತೀರಾ? ಕಂಟ್ರೋಲ್ 1 ಒತ್ತಿ ಪ್ರಾಪರ್ಟೀಸ್‌ನಲ್ಲಿ ಜಸ್ಟಿಫೈ ಬದಲಾಯಿಸಲು ಹೋಗಬೇಡಿ. ಅಲ್ಲಿ ಮೊಳೆ ಇದ್ದಲ್ಲೇ ಇರುತ್ತದೆ, ಅಕ್ಷರವೇ ಜಿಗಿಯುತ್ತದೆ. ಜಸ್ಟಿಫೈಟೆಕ್ಸ್ಟ್ ಅಂತ ಒಂದು ಕಮಾಂಡ್ ಇದೆ, ಅದು ಅಕ್ಷರವನ್ನು ಮುಟ್ಟದೆ ಮೊಳೆಯನ್ನು ಮಾತ್ರ ಸರಿಸುತ್ತದೆ. ಇದನ್ನು ತರಗತಿಯಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ.

ಇನ್ನೊಂದು ತಮಾಷೆ ನೋಡಿ. ಟೆಕ್ಸ್ಟ್ ಕಮಾಂಡ್‌ನ ಜಸ್ಟಿಫೈ ಪಟ್ಟಿಯಲ್ಲಿ 'ಅಲೈನ್' ಅಂತಲೇ ಒಂದು ಆಯ್ಕೆ ಇದೆ. ಹೊಸಬರು ಮೊದಲು ಹೋಗಿ ಬೀಳುವುದೇ ಅದರಲ್ಲಿ, ಹೆಸರು ಹಾಗಿದೆಯಲ್ಲ. ಅದು ಎರಡು ಪಾಯಿಂಟ್ ಕೇಳಿ, ಅಕ್ಷರವನ್ನು ಅವುಗಳ ನಡುವೆ ತುಂಬಿಸುತ್ತದೆ, ಅದಕ್ಕಾಗಿ ಎತ್ತರವನ್ನೇ ಬದಲಾಯಿಸುತ್ತದೆ. ಪ್ರಿಂಟ್‌ನಲ್ಲಿ 2.5 ಎಂಎಂ ಎತ್ತರ ಬೇಕು, ಸ್ಕೇಲ್ 1:100 ಅಂದರೆ ಮಾಡೆಲ್‌ನಲ್ಲಿ, ಅಂದರೆ ನಿಜ ಅಳತೆಯಲ್ಲಿ ಬರೆಯುವ ಕಡೆ, 250 ಇರಬೇಕು ಅಲ್ವಾ? ಅಲೈನ್ ಕೈಗೆ ಸಿಕ್ಕರೆ ಒಂದು ಹೆಸರು 190, ಇನ್ನೊಂದು 410. ಅದರ ಪಕ್ಕದ 'ಫಿಟ್' ಎತ್ತರ ಉಳಿಸುತ್ತದೆ, ಆದರೆ ಅಕ್ಷರವನ್ನು ಹಿಂಡಿಯೋ ಹಿಗ್ಗಿಸಿಯೋ ಬಿಡುತ್ತದೆ. ಎರಡೂ ಬೇಡ.

ಸಾಲಾಗಿ ಜೋಡಿಸಬೇಕಾ? ಹೊಸ ವರ್ಷನ್‌ಗಳಲ್ಲಿ ಟೆಕ್ಸ್ಟ್‌ಅಲೈನ್ ಇದೆ, ಸಾಲುಗಳ ನಡುವಿನ ಅಂತರವನ್ನೂ ಅದೇ ನೋಡಿಕೊಳ್ಳುತ್ತದೆ. ಹಳೇ ವರ್ಷನ್ ಇದ್ದರೆ ಎಲ್ಲ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಅಡ್ಡ ಸ್ಥಾನ ಹೇಳುವ ಪೊಸಿಷನ್ ಎಕ್ಸ್‌ಗೆ ಒಂದೇ ಸಂಖ್ಯೆ ಕೊಡಿ, ಎಲ್ಲ ಬಂದು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಸಿಂಗಲ್ ಲೈನ್ ಟೆಕ್ಸ್ಟ್ ಆದರೆ ಎಡ ಜಸ್ಟಿಫೈ ಇದ್ದಾಗ ಮಾತ್ರ ಆ ಖಾನೆ ಬರೆಯಲು ಬಿಡುತ್ತದೆ, ಉಳಿದವಕ್ಕೆ ಟೆಕ್ಸ್ಟ್ ಅಲೈನ್‌ಮೆಂಟ್ ಎಕ್ಸ್ ನೋಡಿ.

ಈಗ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಸ್ಪೇಸ್ ಬಾರ್. ಡ್ರಾಯಿಂಗ್‌ನ ವಿವರ ಬರೆಯುವ ಟೈಟಲ್ ಬ್ಲಾಕ್‌ನಲ್ಲಿ ಹೆಸರು ಮಧ್ಯಕ್ಕೆ ಬರಲಿ ಅಂತ ಹದಿನಾಲ್ಕು ಸ್ಪೇಸ್ ಒತ್ತಿರುತ್ತಾರೆ! ನಿಮ್ಮ ಕಂಪ್ಯೂಟರಿನಲ್ಲಿ ಸರಿ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪ್ಲಾಟಿಂಗ್ ಅಂಗಡಿಗೆ ಹೋಗುತ್ತೀರಿ, ಅಲ್ಲಿ ಆ ಫಾಂಟ್ ಇರುವುದಿಲ್ಲ, ಆಟೋಕ್ಯಾಡ್ ಬೇರೆ ಫಾಂಟ್ ಹಾಕಿಕೊಳ್ಳುತ್ತದೆ, ಅಕ್ಷರದ ಅಗಲವೂ ಸ್ಪೇಸಿನ ಅಗಲವೂ ಬದಲಾಗಿ ಮನೆ ಮಾಲೀಕರ ಹೆಸರು ಬಾಕ್ಸ್ ಹೊರಗೆ ಇಣುಕುತ್ತದೆ. ಮಧ್ಯಕ್ಕೆ ಮೊಳೆ ಹೊಡೆದಿದ್ದರೆ ಫಾಂಟ್ ಬದಲಾದರೂ ಹೆಚ್ಚುಕಮ್ಮಿ ಎರಡೂ ಕಡೆ ಹಂಚಿಹೋಗುತ್ತಿತ್ತು.

ಫಾಂಟ್ ಅಂದಾಗ ಕನ್ನಡ ನೆನಪಾಯಿತು. ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಡ್ರಾಯಿಂಗ್ ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅದು ಎಲ್ಲರಿಗೂ ಗೊತ್ತು. ಆದರೆ ಒತ್ತಕ್ಷರದ ಕಥೆ ಬೇರೆ. ಆಟೋಕ್ಯಾಡ್‌ನಲ್ಲಿ 'ಮಿಡಲ್' ಬೇರೆ, 'ಮಿಡಲ್ ಸೆಂಟರ್' ಬೇರೆ. ಮಿಡಲ್ ಅಂದರೆ ಕೆಳಗೆ ಇಳಿದ ಭಾಗವನ್ನೂ ಸೇರಿಸಿ ಮಧ್ಯ. ಮಿಡಲ್ ಸೆಂಟರ್ ಇಂಗ್ಲಿಷಿನ ದೊಡ್ಡಕ್ಷರದ ಎತ್ತರದಲ್ಲಿ ಅರ್ಧ. ನಮ್ಮಲ್ಲಿ ದೊಡ್ಡಕ್ಷರ ಎಲ್ಲಿದೆ? 'ಕಮಲ ನಿಲಯ' ಅಂತ ಬರೆದರೆ ಕೆಳಗೆ ಏನೂ ನೇತಾಡುವುದಿಲ್ಲ, 'ಲಕ್ಷ್ಮೀ' ಬರೆದರೆ ಒತ್ತು ಎರಡು ಅಂತಸ್ತು ಇಳಿಯುತ್ತದೆ. ಎರಡನ್ನೂ ಅಕ್ಕಪಕ್ಕ ಮಿಡಲ್‌ನಲ್ಲಿ ಇಟ್ಟರೆ ಒಂದು ಮೇಲೆ, ಒಂದು ಕೆಳಗೆ. ಅದಕ್ಕೇ ಕನ್ನಡ ಹೆಸರುಗಳನ್ನು ಒಂದೇ ಸಾಲಿನಲ್ಲಿ ಇಡುವಾಗ ನಾನು ಬೇಸ್‌ಲೈನ್ ಬಿಟ್ಟು ಬೇರೆ ಏನನ್ನೂ ನಂಬುವುದಿಲ್ಲ.

ಗೇಟಿನ ಪಕ್ಕ ಗ್ರಾನೈಟ್ ಮೇಲೆ ಕೆತ್ತಿಸುವ ಮನೆ ಹೆಸರು ಮಾತ್ರ ಬೇರೆ ಲೆಕ್ಕ. ಅದನ್ನು ಇವತ್ತಿಗೂ ಪೂರ್ತಿ ಅಳತೆಗೆ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ರಸ್ತೆಯ ಆ ಕಡೆ ಹೋಗಿ ನಿಂತು ಕಣ್ಣಂದಾಜಿನಲ್ಲೇ ಸರಿ ಮಾಡುತ್ತೇನೆ. ಬೈಯುವವರು ಬೈಯಿರಿ.